ಶಿರಾಡಿ ಘಾಟಿ ಏರುವಾಗ ಮಾತ್ರ ಲಾರಿ ಬಿಸಿಯಾಗುತ್ತದೆ: ದೋಷ ಫ್ಯಾನ್ ಕ್ಲಚ್‌ನದ್ದೇ ಎಂದು ಖಚಿತಪಡಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ಲಾರಿ ಮಾಲೀಕ, ಹಾಸನ

ಎಲ್ಲರಿಗೂ ನಮಸ್ಕಾರ. ನನ್ನದು ಹನ್ನೆರಡು ಚಕ್ರದ, ಆರು ಸಿಲಿಂಡರ್ ಎಂಜಿನ್ನಿನ ಬಿಎಸ್-4 ಲಾರಿ. ಮಂಗಳೂರು ಬಂದರಿನಿಂದ ಹಾಸನ, ಅರಸೀಕೆರೆ ಕಡೆಗೆ ರಸಗೊಬ್ಬರ ತರುವುದು ಅದರ ಮುಖ್ಯ ಕೆಲಸ. ಈ ಬೇಸಿಗೆ ಶುರುವಾದಾಗಿನಿಂದ ಒಂದು ತೊಂದರೆ ಬಿಡದೆ ಕಾಡುತ್ತಿದೆ. ಬಂಟ್ವಾಳ, ಉಪ್ಪಿನಂಗಡಿ, ನೆಲ್ಯಾಡಿ ದಾಟಿ ಗುಂಡ್ಯ ತಲುಪುವವರೆಗೂ ಟೆಂಪರೇಚರ್ ಮುಳ್ಳು ತನ್ನ ಜಾಗದಿಂದ ಕದಲುವುದಿಲ್ಲ. ಅಲ್ಲಿಂದ ಘಾಟಿ ಏರತೊಡಗಿ ಕೆಂಪುಹೊಳೆ ದಾಟುವ ಹೊತ್ತಿಗೆ ಅದು ಮೆಲ್ಲಗೆ ಮೇಲೇರುತ್ತದೆ. ಮಾರನಹಳ್ಳಿ ಹತ್ತಿರವಾಗುವಾಗ ಕೆಂಪು ಗೆರೆಯನ್ನು ಮುಟ್ಟಿ, ಎಚ್ಚರಿಕೆಯ ದೀಪ ಹತ್ತಿ, ಎಂಜಿನ್ ತಾನಾಗಿಯೇ ಎಳೆತವನ್ನು ತಗ್ಗಿಸಿಕೊಳ್ಳುತ್ತದೆ. ಹೇಗೋ ದೋಣಿಗಾಲ್ ದಾಟಿ ಸಕಲೇಶಪುರದ ಕಡೆಗೆ ತಿರುಗಿದರೆ ಮುಳ್ಳು ಮತ್ತೆ ಇಳಿಯುತ್ತದೆ, ಹಾಸನದವರೆಗೂ ಯಾವ ತಕರಾರೂ ಇರುವುದಿಲ್ಲ.

ಥರ್ಮೋಸ್ಟಾಟ್ ಹೊಸದು ಹಾಕಿಸಿದ್ದೇನೆ. ರೇಡಿಯೇಟರನ್ನು ಬಿಚ್ಚಿಸಿ ಒಳಗೆ ತೊಳೆಸಿ, ಹೊಸ ಕೂಲೆಂಟ್ ತುಂಬಿಸಿ ಮತ್ತೆ ಕೂರಿಸಿದ್ದಾಗಿದೆ. ಕೂಲೆಂಟ್ ಕಡಿಮೆಯಾಗುತ್ತಿಲ್ಲ, ಎಣ್ಣೆಯಲ್ಲಿ ನೀರು ಬೆರೆತಿಲ್ಲ. ಈಗ ಮೆಕ್ಯಾನಿಕ್ ಅವರು ವಿಸ್ಕಸ್ ಕಪ್ಲಿಂಗ್, ಅಂದರೆ ರೇಡಿಯೇಟರಿನ ಫ್ಯಾನನ್ನು ಬೇಕಾದಾಗ ಎಂಜಿನ್ನಿಗೆ ಜೋಡಿಸುವ ಫ್ಯಾನ್ ಕ್ಲಚ್ ಹೋಗಿದೆ, ಹೊಸದು ತನ್ನಿ ಎನ್ನುತ್ತಿದ್ದಾರೆ. ಅದರ ಬೆಲೆ ಕಡಿಮೆಯೇನಲ್ಲ, ಕೂರಿಸಿದ ಮೇಲೆ ತೊಂದರೆ ಹಾಗೆಯೇ ಉಳಿದರೆ ಅಂಗಡಿಯವರು ವಾಪಸ್ ಪಡೆಯುವುದೂ ಇಲ್ಲ. ಗಾಡಿ ಓಡಿಸುವವನು ನನ್ನ ಅಕ್ಕನ ಮಗ. ಬೆಳಿಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿದಾಗ ಫ್ಯಾನ್ ಜೋರಾಗಿ ಮೊರೆಯುತ್ತದೆ, ಒಂದೆರಡು ನಿಮಿಷದಲ್ಲಿ ಸದ್ದು ಇಳಿಯುತ್ತದೆ, ಆದರೆ ಘಾಟಿಯಲ್ಲಿ ಎಂಜಿನ್ನಿನ ಸದ್ದಿನ ನಡುವೆ ಫ್ಯಾನಿನ ಸದ್ದು ಬೇರೆಯಾಗಿ ತಿಳಿಯುವುದಿಲ್ಲ ಎನ್ನುತ್ತಾನೆ. ಕ್ಲಚ್ ಕೊಳ್ಳುವ ಮೊದಲು ದೋಷ ಅದರದ್ದೇ ಎಂದು ಪರೀಕ್ಷಿಸುವ ದಾರಿ ಇದ್ದರೆ ದಯವಿಟ್ಟು ತಿಳಿಸಿಕೊಡಿ.

ಉತ್ತರ: ಡೀಸೆಲ್ ಮೆಕ್ಯಾನಿಕ್, ಹಾಸನ

ಸರ್, ತಾವು ಕೊಟ್ಟಿರುವ ವಿವರದಲ್ಲೇ ಪರೀಕ್ಷೆಗೆ ಬೇಕಾದ ಮುಖ್ಯ ಸುಳಿವು ಇದೆ. ಹೆದ್ದಾರಿಯಲ್ಲಿ ಗಾಡಿ 60 ಕಿ.ಮೀ. ವೇಗದಲ್ಲಿ ಓಡುವಾಗ ಎದುರಿನಿಂದ ನುಗ್ಗುವ ಗಾಳಿಯೇ ರೇಡಿಯೇಟರನ್ನು ಬಹುಮಟ್ಟಿಗೆ ತಣಿಸುತ್ತದೆ. ಆಗ ಫ್ಯಾನ್ ಕೆಟ್ಟಿದ್ದರೂ ಮುಳ್ಳು ಏರದೆ ಇರಬಹುದು. ಸಮತಟ್ಟು ರಸ್ತೆಯಲ್ಲಿ ವೇಗವಾಗಿ ಓಡುವಾಗಲೇ ಬಿಸಿಯಾಗುವ ಗಾಡಿಯಾದರೆ ನಾನು ಫ್ಯಾನಿನ ಕಡೆ ತಿರುಗಿಯೂ ನೋಡದೆ ನೀರಿನ ಹರಿವನ್ನು, ಎಂದರೆ ಥರ್ಮೋಸ್ಟಾಟ್, ವಾಟರ್ ಪಂಪ್ ಮತ್ತು ರೇಡಿಯೇಟರಿನ ಒಳಗಿನ ಕೊಳವೆಗಳನ್ನು ಮೊದಲು ಪರೀಕ್ಷಿಸುತ್ತೇನೆ. ತಮ್ಮ ಗಾಡಿ ಘಾಟಿಯಲ್ಲಿ 15ರಿಂದ 20 ಕಿ.ಮೀ. ವೇಗಕ್ಕೆ ಇಳಿದು, ಎಂಜಿನ್ ಪೂರ್ತಿ ಲೋಡಿನಲ್ಲಿ ದುಡಿಯುವಾಗ ಮಾತ್ರ ಬಿಸಿಯಾಗುತ್ತಿದೆ. ಡೀಸೆಲ್ ಉರಿದು ಹುಟ್ಟುವ ಶಾಖದಲ್ಲಿ ಸರಿಸುಮಾರು ಕಾಲು ಭಾಗ ಕೂಲೆಂಟಿನ ಮೂಲಕ ಹೊರಹೋಗಬೇಕು, ಮತ್ತು ಆ ವೇಗದಲ್ಲಿ ಅದನ್ನು ಹೊರಹಾಕಲು ಫ್ಯಾನ್ ಎಳೆಯುವ ಗಾಳಿಯನ್ನು ಬಿಟ್ಟು ಬೇರೆ ಗತಿಯಿಲ್ಲ. ಆದ್ದರಿಂದ ದೋಷ ಗಾಳಿಯ ಕಡೆಯದ್ದು ಎಂಬುದರಲ್ಲಿ ತಮ್ಮ ಮೆಕ್ಯಾನಿಕ್ ಅವರ ಊಹೆ ಸರಿಯಿರಬಹುದು. ಆದರೆ ಗಾಳಿಯ ಕಡೆಯ ದೋಷವೆಲ್ಲ ಕ್ಲಚ್ಚಿನ ದೋಷವಲ್ಲ. ಈ ಎರಡನ್ನು ಬೇರ್ಪಡಿಸದೆ ಕ್ಲಚ್ ಬದಲಿಸುವುದನ್ನು ನಾನು ಒಪ್ಪುವುದಿಲ್ಲ.

ಮೊದಲು ಕ್ಲಚ್ ಕೆಲಸ ಮಾಡುವ ಬಗೆಯನ್ನು ಹೇಳುತ್ತೇನೆ, ಏಕೆಂದರೆ ಪರೀಕ್ಷೆಗಳೆಲ್ಲ ಅದರ ಮೇಲೆಯೇ ನಿಂತಿವೆ. ತಮ್ಮ ಗಾಡಿಯ ಕ್ಲಚ್ಚಿಗೆ ವೈರ್ ಬಂದಿಲ್ಲ, ಮುಂಭಾಗದಲ್ಲಿ ಸುರುಳಿಯ ಅಥವಾ ಪಟ್ಟಿಯ ಆಕಾರದ ಲೋಹವಿದೆ ಎಂದಾದರೆ ಅದು ಬೈಮೆಟಲ್ ಮಾದರಿಯದು. ಅದರ ಒಳಗೆ ಜೋನಿಬೆಲ್ಲದಂತೆ ಮಂದವಾದ ಸಿಲಿಕೋನ್ ಎಣ್ಣೆ ಇರುತ್ತದೆ. ತಣ್ಣಗಿರುವಾಗ ಈ ಎಣ್ಣೆ ಮುಂದಿನ ಕೋಣೆಯಲ್ಲಿ ನಿಂತು, ಫ್ಯಾನ್ ಎಂಜಿನ್ನಿನಿಂದ ಬಹುಪಾಲು ಬಿಡುಗಡೆಯಾಗಿ ನಿಧಾನವಾಗಿ ಸುತ್ತುತ್ತದೆ. ರೇಡಿಯೇಟರನ್ನು ಹಾದು ಬರುವ ಗಾಳಿ ಕಾದಾಗ ಬೈಮೆಟಲ್ ತಿರುಚಿಕೊಂಡು ಒಳಗಿನ ಸಣ್ಣ ಬಾಗಿಲನ್ನು ತೆರೆಯುತ್ತದೆ. ಎಣ್ಣೆ ಹಿಂದಿನ ಕೋಣೆಗೆ ಹರಿದು, ತೋಡುಗಳಿರುವ ತಟ್ಟೆಗಳ ನಡುವೆ ತುಂಬಿ, ಪುಲ್ಲಿಯ ಸುತ್ತನ್ನು ಫ್ಯಾನಿಗೆ ಒಯ್ಯುತ್ತದೆ. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಈ ಕ್ಲಚ್ಚಿಗೆ ಕೂಲೆಂಟಿನ ಬಿಸಿ ನೇರವಾಗಿ ತಿಳಿಯುವುದೇ ಇಲ್ಲ. ತನ್ನ ಮೂಗಿನ ಮೇಲೆ ಬೀಸುವ ಗಾಳಿಯ ಬಿಸಿಯಷ್ಟೇ ಅದಕ್ಕೆ ತಿಳಿಯುವುದು. ರೇಡಿಯೇಟರಿನ ನಡುಭಾಗದ ಕೊಳವೆಗಳು ಒಳಗೆ ಕಟ್ಟಿಕೊಂಡು ಆ ಭಾಗ ತಣ್ಣಗೆ ಉಳಿದಿದ್ದರೆ, ಅಥವಾ ಬೈಮೆಟಲ್ಲಿನ ಮೇಲೆ ಎಣ್ಣೆ ಕೆಸರು ದಪ್ಪಗೆ ಮೆತ್ತಿದ್ದರೆ, ಎಂಜಿನ್ ಕುದಿಯುತ್ತಿದ್ದರೂ ಕ್ಲಚ್ ಸುಮ್ಮನೆ ಇರುತ್ತದೆ. ಅಂಥ ಗಾಡಿಗೆ ಹೊಸ ಕ್ಲಚ್ ಹಾಕಿದರೆ ಅದೂ ಹಾಗೆಯೇ ನಡೆದುಕೊಳ್ಳುತ್ತದೆ.

ಬೆಳಿಗ್ಗೆ ಫ್ಯಾನ್ ಮೊರೆಯುವುದು ದೋಷವಲ್ಲ. ಗಾಡಿ ರಾತ್ರಿಯೆಲ್ಲ ನಿಂತಾಗ ಎಣ್ಣೆ ಹಿಂದಿನ ಕೋಣೆಗೆ ಇಳಿದಿರುತ್ತದೆ. ಸ್ಟಾರ್ಟ್ ಆದ ಒಂದೆರಡು ನಿಮಿಷದಲ್ಲಿ ಅದು ಮುಂದಿನ ಕೋಣೆಗೆ ಮರಳಿದ ಕೂಡಲೇ ಸದ್ದು ಇಳಿಯುತ್ತದೆ. ಈ ಮೊರೆತ ಈಗಲೂ ಇದೆ ಎಂದು ತಮ್ಮ ಅಕ್ಕನ ಮಗ ಹೇಳಿರುವುದರಿಂದ ಎಣ್ಣೆ ಒಳಗೆ ಉಳಿದಿದೆ ಎಂದು ನಂಬಬಹುದು. ಬಾಗಿಲು ಸರಿಯಾಗಿ ತೆರೆಯುತ್ತಿದೆ ಎಂಬುದಕ್ಕೆ ಮಾತ್ರ ಇದು ಸಾಕ್ಷಿಯಲ್ಲ.

ಇನ್ನು ಪರೀಕ್ಷೆ. ಎಂಜಿನ್ ನಿಲ್ಲಿಸಿ, ಕೀಲಿಯನ್ನು ಕೈಯಲ್ಲಿಟ್ಟುಕೊಂಡು, ಕ್ಯಾಬಿನ್ ಎತ್ತಿ ನೋಡಿ. ಕ್ಲಚ್ಚಿನ ನಡುವಿನಿಂದ ಅಂಚಿನ ಕಡೆಗೆ ಗೆರೆಗೆರೆಯಾಗಿ ಜಿಡ್ಡು ಚಿಮ್ಮಿ ಅದರ ಮೇಲೆ ಧೂಳು ಕೂತಿದ್ದರೆ ಎಣ್ಣೆ ಸೋರಿದೆ. ಫ್ಯಾನಿನ ರೆಕ್ಕೆಯ ತುದಿಯನ್ನು ಹಿಡಿದು ಹಿಂದೆ ಮುಂದೆ ಅಲುಗಿಸಿ. ತುದಿಯಲ್ಲಿ ಸುಮಾರು 6 ಮಿ.ಮೀ.ಗಿಂತ ಹೆಚ್ಚು ಆಟವಿದ್ದರೆ ಬೇರಿಂಗ್ ಸವೆದಿದೆ ಎಂದು ತಿಳಿಯಬೇಕು. ಕೈಯಿಂದ ತಿರುಗಿಸಿದಾಗ ತಡೆಯೇ ಇಲ್ಲದೆ ಸುಲಭವಾಗಿ ಹಲವು ಸುತ್ತು ಸುತ್ತಿದರೆ ಒಳಗೆ ಎಣ್ಣೆಯಿಲ್ಲ, ಅಲುಗದೆ ಬಿಗಿದಿದ್ದರೆ ಬೇರಿಂಗ್ ಹಿಡಿದಿದೆ. ರೆಕ್ಕೆಗಳ ಬುಡದಲ್ಲಿ ಕೂದಲೆಳೆಯಂಥ ಬಿರುಕು ಇದೆಯೇ ಎಂದು ಟಾರ್ಚ್ ಹಿಡಿದು ನೋಡಿ. ಬೆಲ್ಟಿನ ಒಳಮೈ ಗಾಜಿನಂತೆ ಹೊಳೆಯುತ್ತಿದ್ದರೆ ಅದು ಜಾರುತ್ತಿದೆ. ಲೋಡಿನಲ್ಲಿ ಬೆಲ್ಟ್ ಜಾರಿದರೆ ಕ್ಲಚ್ ಎಷ್ಟೇ ಚೆನ್ನಾಗಿದ್ದರೂ ಫ್ಯಾನ್ ಪೂರ್ತಿ ಸುತ್ತುವುದಿಲ್ಲ.

ಇಷ್ಟರಲ್ಲಿ ಏನೂ ಸಿಗದಿದ್ದರೆ ರಟ್ಟಿನ ಪರೀಕ್ಷೆ ಮಾಡಿ. ಬಯಲು ಜಾಗದಲ್ಲಿ ಗಾಡಿ ನಿಲ್ಲಿಸಿ, ಚಕ್ರಗಳಿಗೆ ಕಟ್ಟೆ ಕೊಟ್ಟು, ಹ್ಯಾಂಡ್‌ಬ್ರೇಕ್ ಹಾಕಿ ನ್ಯೂಟ್ರಲ್‌ನಲ್ಲಿಡಿ. ಮುಂದಿನ ಜಾಲರಿಗೆ ಎರಡು ಬದಿಯಿಂದ ರಟ್ಟು ಕಟ್ಟಿ, ಫ್ಯಾನಿನ ನಡುಭಾಗಕ್ಕೆ ಎದುರಾಗಿ ಒಂದಿಷ್ಟು ಜಾಗವನ್ನು ತೆರೆದೇ ಬಿಡಿ. ಪೂರ್ತಿ ಮುಚ್ಚಿದರೆ ಬೈಮೆಟಲ್ಲಿಗೆ ಬಿಸಿಗಾಳಿಯೇ ತಲುಪದೆ ಪರೀಕ್ಷೆ ತಪ್ಪಾಗುತ್ತದೆ. ಎಂಜಿನ್ನನ್ನು 1500 ಆರ್‌ಪಿಎಂ ಆಸುಪಾಸಿನಲ್ಲಿ ಓಡಿಸಿ, ಒಬ್ಬರು ಸೀಟಿನಲ್ಲೇ ಕೂತು ಮುಳ್ಳನ್ನು ನೋಡುತ್ತಿರಬೇಕು. ಲೋಡ್ ಇಲ್ಲದ ಎಂಜಿನ್ ಕಾಯಲು ಸಾಕಷ್ಟು ಹೊತ್ತು ಹಿಡಿಯುತ್ತದೆ, ತಾಳ್ಮೆಯಿರಲಿ. ಸಾಮಾನ್ಯವಾಗಿ ಕೂಲೆಂಟ್ 90 ಡಿಗ್ರಿ ದಾಟಿ 100ರ ಒಳಗಿರುವಾಗ ಬೆಳಿಗ್ಗೆ ಕೇಳುವ ಅದೇ ಮೊರೆತ ಮತ್ತೆ ಕೇಳಬೇಕು, ರಟ್ಟು ತೆಗೆದು ಸ್ವಲ್ಪ ಹೊತ್ತಾದ ಮೇಲೆ ಅದು ಅಡಗಬೇಕು. ಮುಳ್ಳು ಕೆಂಪು ಗೆರೆಗೆ ಬಂದರೂ ಸದ್ದು ಬದಲಾಗದಿದ್ದರೆ ಕೂಡಲೇ ನಿಲ್ಲಿಸಿ. ಆಗ ಕ್ಲಚ್ಚಿನ ಮೇಲಿನ ಅನುಮಾನ ಗಟ್ಟಿಯಾಯಿತು. ರೆಕ್ಕೆಗೆ ಹೊಳೆಯುವ ಪಟ್ಟಿ ಅಂಟಿಸಿ ಬೆಳಕಿನ ಟ್ಯಾಕೋಮೀಟರ್ ಹಿಡಿದರೆ ಕಿವಿಯನ್ನು ನಂಬಬೇಕಾಗಿಯೂ ಇಲ್ಲ: ಪೂರ್ತಿ ಹಿಡಿದ ಒಳ್ಳೆಯ ಕ್ಲಚ್ ಪುಲ್ಲಿಯ ವೇಗದ ಶೇಕಡಾ 90ರ ಆಸುಪಾಸಿಗೆ ಫ್ಯಾನನ್ನು ತಿರುಗಿಸುತ್ತದೆ, ಬಿಟ್ಟಾಗ ಶೇಕಡಾ 20–30ಕ್ಕೆ ಇಳಿಯುತ್ತದೆ. ಓಡುತ್ತಿರುವ ಫ್ಯಾನಿಗೆ ಸುತ್ತಿದ ಪತ್ರಿಕೆ ಒಡ್ಡಿ ನಿಲ್ಲಿಸಿ ನೋಡುವ ಅಭ್ಯಾಸ ಕೆಲವರಲ್ಲಿದೆ. ದಯವಿಟ್ಟು ಅದನ್ನು ಮಾಡಬೇಡಿ, ಮಾಡುವವರನ್ನು ತಡೆಯಿರಿ. ರೆಕ್ಕೆ ಮುರಿದು ಹಾರಿದರೆ ಎದುರಿಗಿರುವವರು ಉಳಿಯುವುದು ಕಷ್ಟ.

ಇಷ್ಟೆಲ್ಲ ಬರೆದರೂ ನನ್ನ ಅನುಮಾನ ಬೇರೆ ಕಡೆಗಿದೆ. ರೇಡಿಯೇಟರನ್ನು ಒಳಗೆ ತೊಳೆಸಿದ್ದೀರಿ. ಅದರ ಮುಂದಿರುವ, ಎಂಜಿನ್ ಒಳಕ್ಕೆಳೆಯುವ ಗಾಳಿಯನ್ನು ತಣಿಸುವ ಇಂಟರ್‌ಕೂಲರನ್ನು ಬಿಚ್ಚಿ ನೋಡಿದ್ದಾರೆಯೇ? ಹುರುಳಿ, ರಾಗಿಯನ್ನು ರಸ್ತೆಯ ಮೇಲೆ ಹರಡಿ ವಾಹನಗಳಿಂದ ತುಳಿಸುವ ಪದ್ಧತಿ ನಮ್ಮ ಜಿಲ್ಲೆಯ ಒಳರಸ್ತೆಗಳಲ್ಲಿ ಇನ್ನೂ ಇದೆ, ಸುಗ್ಗಿಯ ಕಾಲದಲ್ಲಿ ಆ ಹೊಟ್ಟೆಲ್ಲ ಲಾರಿಗಳ ಮೂತಿಗೆ ಬಂದು ಕೂರುತ್ತದೆ. ಕಾಫಿ ಹೊಟ್ಟು ಸಾಗಿಸುವ ಗಾಡಿಗಳ ಹಿಂದೆ ಹೋದರೂ ಅಷ್ಟೇ. ಇಂಟರ್‌ಕೂಲರಿನ ರೆಕ್ಕೆಗಳ ಸಂದಿನಿಂದ ನುಸುಳಿದ ಹೊಟ್ಟು ರೇಡಿಯೇಟರಿನ ಮುಖದ ಮೇಲೆ ಕಂಬಳಿಯಾಗಿ ನಿಲ್ಲುತ್ತದೆ, ಮತ್ತು ಎರಡರ ನಡುವಿನ ಆ ಜಾಗ ಮುಂದಿನಿಂದಲೂ ಕಾಣುವುದಿಲ್ಲ, ಹಿಂದಿನಿಂದಲೂ ಕಾಣುವುದಿಲ್ಲ. ಇಂಟರ್‌ಕೂಲರಿನ ಬೋಲ್ಟುಗಳನ್ನು ಬಿಟ್ಟು ಮುಂದಕ್ಕೆ ಸರಿಸಿದರೆ ಮಾತ್ರ ತಿಳಿಯುತ್ತದೆ. ತೊಳೆಯುವುದಾದರೆ ಎಂಜಿನ್ ಕಡೆಯಿಂದ ಮುಂದಕ್ಕೆ ನೀರು ಹಾಯಿಸಬೇಕು. ಸರ್ವಿಸ್ ಸ್ಟೇಷನ್ನಿನ ಜೆಟ್ಟನ್ನು ಹತ್ತಿರದಿಂದ ಹಿಡಿದರೆ ತೆಳುವಾದ ರೆಕ್ಕೆಗಳು ಮಡಚಿ ಗಾಳಿಯ ದಾರಿ ಶಾಶ್ವತವಾಗಿ ಮುಚ್ಚಿಹೋಗುತ್ತದೆ.

ರೇಡಿಯೇಟರ್ ಬಿಚ್ಚಿ ಕೂರಿಸಿದ ಗಾಡಿಗಳಲ್ಲಿ ಫ್ಯಾನ್ ಕೌಲ್, ಅಂದರೆ ಫ್ಯಾನಿನ ಸುತ್ತಲಿನ ಕವಚವನ್ನು ಕೂಡ ನೋಡಲೇಬೇಕು. ಕೌಲಿನ ಅಂಚಿನ ರಬ್ಬರ್ ಪಟ್ಟಿ ಬಿಟ್ಟುಹೋಗಿದ್ದರೆ ಫ್ಯಾನ್ ರೇಡಿಯೇಟರಿನ ಮೂಲಕ ಗಾಳಿ ಎಳೆಯುವ ಬದಲು ಬದಿಯ ಸಂದಿನಿಂದ ಎಂಜಿನ್ನಿನ ಬಿಸಿಗಾಳಿಯನ್ನೇ ಮತ್ತೆ ಮತ್ತೆ ಎಳೆದುಕೊಳ್ಳುತ್ತದೆ. ಫ್ಯಾನನ್ನೂ ಬಿಚ್ಚಿದ್ದರೆ ಹಿಂದುಮುಂದಾಗಿ ಕೂರಿಸಿಲ್ಲ ಎಂದು ಖಚಿತಪಡಿಸಿಕೊಳ್ಳಿ. ಫ್ಯಾನ್ ತಿರುವುಮುರುವಾದರೂ ಗಾಳಿ ಅದೇ ದಿಕ್ಕಿಗೆ ಬೀಸುತ್ತದೆ, ಪ್ರಮಾಣ ಮಾತ್ರ ಬಹಳ ಕುಸಿಯುತ್ತದೆ. ಕೈ ಒಡ್ಡಿದಾಗ ಗಾಳಿ ಬರುತ್ತಿದೆ ಎಂದು ಎಲ್ಲರೂ ಸಮಾಧಾನ ಪಟ್ಟುಕೊಳ್ಳುವುದರಿಂದ ಈ ದೋಷ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ.

ಉತ್ತರ: ಚಾಲಕ, ಸಕಲೇಶಪುರ

ಮೇಲಿನ ಹಿರಿಯರು ಯಂತ್ರದ ಬಗ್ಗೆ ಹೇಳಿದ್ದಾರೆ, ನಾನು ಆ ದಾರಿಯ ಬಗ್ಗೆ ಎರಡು ಮಾತು ಸೇರಿಸುತ್ತೇನೆ. ಮಧ್ಯಾಹ್ನದ ಹೊತ್ತು ಗಾಳಿ ಕಡಲಿನ ಕಡೆಯಿಂದ ಬೀಸುತ್ತದೆ. ಮಂಗಳೂರಿನಿಂದ ಮೇಲೆ ಬರುವ ಲಾರಿಗೆ ಅದು ಬೆನ್ನಿನ ಗಾಳಿ, 15 ಕಿ.ಮೀ. ವೇಗದಲ್ಲಿ ಹತ್ತುವ ಗಾಡಿಯ ಮೂತಿಗೆ ಎದುರುಗಾಳಿ ಇಲ್ಲವೇ ಇಲ್ಲ ಎನ್ನಬಹುದು. ಅದೇ ಗಾಡಿ, ಅದೇ ಲೋಡು ಬೆಳಗಿನ ಜಾವ ಹತ್ತಿದರೆ ಮುಳ್ಳು ಅಷ್ಟು ಏರುವುದಿಲ್ಲ. ಆದ್ದರಿಂದ ರಿಪೇರಿಗೆ ಮೊದಲು ಮಧ್ಯಾಹ್ನ ಹತ್ತಿ, ರಿಪೇರಿಯ ನಂತರ ರಾತ್ರಿ ಹತ್ತಿ ಎರಡನ್ನೂ ಹೋಲಿಸಬೇಡಿ.

ಗೇರಿನ ವಿಷಯವೂ ಇದೆ. ಡೀಸೆಲ್ ಉಳಿಸಲು ಮೇಲಿನ ಗೇರಿನಲ್ಲೇ ಎಂಜಿನ್ನನ್ನು 1100–1200 ಆರ್‌ಪಿಎಂನಲ್ಲಿ ಅದುಮಿ ಹತ್ತಿಸುವ ಅಭ್ಯಾಸ ಹುಡುಗರಲ್ಲಿದೆ. ಫ್ಯಾನ್ ಮತ್ತು ವಾಟರ್ ಪಂಪ್ ಎರಡೂ ಎಂಜಿನ್ನಿನ ಸುತ್ತಿನಿಂದಲೇ ಓಡುವುದರಿಂದ, ಅದುಮಿದ ಎಂಜಿನ್ನಿಗೆ ಬಿಸಿ ಹೆಚ್ಚು, ಗಾಳಿ ಮತ್ತು ನೀರು ಎರಡೂ ಕಡಿಮೆ. ಒಂದು ಗೇರ್ ಇಳಿಸಿ ಸುತ್ತನ್ನು ಏರಿಸಿದರೆ ಎಷ್ಟೋ ಸಲ ಮುಳ್ಳು ಕೆಂಪಿಗೆ ಹೋಗುವುದೇ ಇಲ್ಲ.

ಮುಳ್ಳು ಏರಿಯೇ ಬಿಟ್ಟರೆ ಅಗಲವಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸದೆ ಸಾಧಾರಣ ಸುತ್ತಿನಲ್ಲಿ ಓಡಲು ಬಿಡಿ; ಕ್ಯಾಬಿನ್ನಿನಲ್ಲಿ ಹೀಟರ್ ಇದ್ದರೆ ಪೂರ್ತಿ ತೆರೆಯಿರಿ, ಅದೂ ಒಂದಿಷ್ಟು ಬಿಸಿಯನ್ನು ಹೊರಹಾಕುತ್ತದೆ. ಕೂಲೆಂಟೇ ಚೆಲ್ಲಿಹೋಗಿದ್ದರೆ ಮಾತ್ರ ಕೂಡಲೇ ಆರಿಸಬೇಕು. ಹೊಳೆಯ ನೀರು ತಂದು ಬಿಸಿ ಎಂಜಿನ್ನಿಗೆ ಸುರಿಯುವುದು, ಬಿಸಿಯಲ್ಲೇ ಮುಚ್ಚಳ ತೆಗೆಯುವುದು ಎರಡೂ ಬೇಡ. ಸಕಲೇಶಪುರ ಸಮುದ್ರ ಮಟ್ಟದಿಂದ 900 ಮೀಟರ್‌ಗೂ ಎತ್ತರದಲ್ಲಿದೆ. ಇಷ್ಟು ಎತ್ತರದಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಯಲ್ಲೇ ಕುದಿಯುತ್ತದೆ. ರೇಡಿಯೇಟರಿನಲ್ಲಿ ಅದನ್ನು ಕುದಿಯದಂತೆ ತಡೆದಿರುವುದು ಮುಚ್ಚಳದ ಒತ್ತಡ ಮತ್ತು ಕೂಲೆಂಟ್. ಮುಚ್ಚಳ ತೆಗೆದ ಕ್ಷಣ ಒತ್ತಡ ಹೋಗಿ ಎಲ್ಲವೂ ಒಮ್ಮೆಗೇ ಉಕ್ಕಿ ಮುಖಕ್ಕೆ ಬರುತ್ತದೆ. ಮುಚ್ಚಳದ ರಬ್ಬರ್ ಹಳೆಯದಾಗಿದ್ದರೆ ಅದನ್ನೂ ಬದಲಿಸಿ, ಅದರ ಬೆಲೆ ಏನೇನೂ ಅಲ್ಲ.

ಉತ್ತರ: ಟಿಪ್ಪರ್ ಮಾಲೀಕ, ಚಿಕ್ಕಮಗಳೂರು

ಇದೇ ವಿಷಯವಾದ್ದರಿಂದ ನನ್ನ ಸಮಸ್ಯೆಯನ್ನೂ ಇಲ್ಲೇ ಕೇಳುತ್ತಿದ್ದೇನೆ, ಮೂಲ ಪ್ರಶ್ನೆ ಕೇಳಿದವರು ತಪ್ಪು ತಿಳಿಯಬಾರದು. ನನ್ನ ಬಿಎಸ್-6 ಟಿಪ್ಪರಿನಲ್ಲಿ ಇದಕ್ಕೆ ತದ್ವಿರುದ್ಧ. ಫ್ಯಾನ್ ಸದಾ ಪೂರ್ತಿ ವೇಗದಲ್ಲಿ ಮೊರೆಯುತ್ತಿರುತ್ತದೆ, ಬೆಳಿಗ್ಗೆ ಚಳಿಯಲ್ಲಿ ಹೊರಟಾಗಲೂ ನಿಲ್ಲುವುದಿಲ್ಲ. ಎಳೆತ ಕಡಿಮೆಯಾದಂತಿದೆ, ಡೀಸೆಲ್ ಹೆಚ್ಚು ಕುಡಿಯುತ್ತಿದೆ, ಡ್ಯಾಷ್‌ಬೋರ್ಡಿನಲ್ಲಿ ಎಂಜಿನ್ ದೀಪ ಹತ್ತಿದೆ. ಕ್ಲಚ್ಚಿಗೆ ವೈರ್ ಹೋಗಿದೆ. ಬಿಸಿಯಾಗುತ್ತಿಲ್ಲವಾದ್ದರಿಂದ ಹಾಗೆಯೇ ಓಡಿಸಬಹುದೇ?

ಉತ್ತರ: ಆಟೋ ಎಲೆಕ್ಟ್ರಿಷಿಯನ್, ಚಿಕ್ಕಮಗಳೂರು

ಟಿಪ್ಪರ್ ಮಾಲೀಕರೇ, ಎಂಜಿನ್ ಸುಡುವುದಿಲ್ಲ, ಆದರೆ ತಾವು ಪ್ರತಿದಿನ ಹಣ ಸುಡುತ್ತಿದ್ದೀರಿ. ಫ್ಯಾನ್ ತಿನ್ನುವ ಶಕ್ತಿ ಅದರ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ, ಅಂದರೆ ವೇಗ ಎರಡು ಪಟ್ಟಾದರೆ ಶಕ್ತಿ ಎಂಟು ಪಟ್ಟು ಬೇಕು. ಅನಗತ್ಯವಾಗಿ ಪೂರ್ತಿ ವೇಗದಲ್ಲಿ ಸುತ್ತುವ ಫ್ಯಾನ್ ಎಂಜಿನ್ನಿನ ಎಳೆತವನ್ನು ಕದಿಯುವುದರ ಜೊತೆಗೆ ಬೆಲ್ಟ್ ಮತ್ತು ಬೇರಿಂಗುಗಳನ್ನೂ ಬೇಗ ಸವೆಸುತ್ತದೆ.

ವೈರ್ ಇರುವ ವಿಸ್ಕಸ್ ಕ್ಲಚ್ಚಿನಲ್ಲಿ ಬೈಮೆಟಲ್ ಬದಲು ಒಂದು ಕಾಯಿಲ್ ಎಣ್ಣೆಯ ಬಾಗಿಲನ್ನು ಆಡಿಸುತ್ತದೆ. ಎಷ್ಟು ತೆರೆಯಬೇಕೆಂಬ ಆಜ್ಞೆ ಇಸಿಎಂನಿಂದ, ಅಂದರೆ ಎಂಜಿನ್ನಿನ ಕಂಪ್ಯೂಟರಿನಿಂದ ಬರುತ್ತದೆ, ಫ್ಯಾನ್ ನಿಜವಾಗಿ ಎಷ್ಟು ಸುತ್ತುತ್ತಿದೆ ಎಂಬುದನ್ನು ಒಂದು ಹಾಲ್ ಸೆನ್ಸರ್ ಇಸಿಎಂಗೆ ಹಿಂದಿರುಗಿ ಹೇಳುತ್ತದೆ. ಇಂಥ ಕ್ಲಚ್ಚುಗಳಲ್ಲಿ ಹೆಚ್ಚಿನವನ್ನು, ಕರೆಂಟ್ ಬರದಿದ್ದರೆ ಫ್ಯಾನ್ ಪೂರ್ತಿ ಹಿಡಿದುಕೊಳ್ಳುವಂತೆ ಮಾಡಿರುತ್ತಾರೆ, ವೈರ್ ಕಡಿದರೂ ಎಂಜಿನ್ ಉಳಿಯಲಿ ಎಂಬುದೇ ಅದರ ಉದ್ದೇಶ. ಆದ್ದರಿಂದ ಸದಾ ಸುತ್ತುವ ಫ್ಯಾನನ್ನು ಕಂಡ ಕೂಡಲೇ ಕ್ಲಚ್ ಜಾಮ್ ಆಗಿದೆ ಎಂದು ತೀರ್ಮಾನಿಸಬಾರದು. ಇಸಿಎಂ ಸುತ್ತು ಎಂದು ಹೇಳುತ್ತಿದೆಯೋ, ಬೇಡವೆಂದರೂ ಫ್ಯಾನ್ ಸುತ್ತುತ್ತಿದೆಯೋ ಎಂಬುದನ್ನು ಮೊದಲು ತಿಳಿಯಬೇಕು.

ಸ್ಕ್ಯಾನರ್ ಹಾಕಿ ಕೋಡ್ ಓದಿಸಿ. ಭಾರಿ ವಾಹನಗಳ ಜೆ1939 ಪದ್ಧತಿಯಲ್ಲಿ ಎಸ್‌ಪಿಎನ್ (ದೋಷ ಯಾವುದರಲ್ಲಿ ಎಂದು ಹೇಳುವ ಸಂಖ್ಯೆ) 647 ಎಂದರೆ ಫ್ಯಾನ್ ಕ್ಲಚ್ಚಿನ ಸರ್ಕ್ಯೂಟ್, 1639 ಎಂದರೆ ಫ್ಯಾನಿನ ವೇಗ, 110 ಎಂದರೆ ಕೂಲೆಂಟ್ ಬಿಸಿ, 105 ಎಂದರೆ ಎಂಜಿನ್ ಒಳಕ್ಕೆಳೆಯುವ ಗಾಳಿಯ ಬಿಸಿ. ಪಕ್ಕದಲ್ಲಿರುವ, ದೋಷ ಯಾವ ಬಗೆಯದೆಂದು ಹೇಳುವ ಎಫ್‌ಎಂಐ ಸಂಖ್ಯೆಯನ್ನು ಬರೆದುಕೊಳ್ಳುವುದನ್ನು ಮರೆಯಬೇಡಿ: 5 ಇದ್ದರೆ ವೈರ್ ಎಲ್ಲೋ ತುಂಡಾಗಿದೆ ಅಥವಾ ಕಪ್ಲರ್ (ವೈರ್ ಜೋಡಿಸುವ ಪ್ಲಗ್) ಸಡಿಲವಾಗಿದೆ, 3 ಇದ್ದರೆ ವೋಲ್ಟೇಜ್ ಹೆಚ್ಚು, 4 ಇದ್ದರೆ ವೋಲ್ಟೇಜ್ ಕಡಿಮೆ ಅಥವಾ ವೈರ್ ಅರ್ತ್‌ಗೆ (ಚಾಸಿಸ್ಸಿಗೆ) ತಾಗಿದೆ ಎಂದು ಅರ್ಥ. 647ರ ಜೊತೆ 5 ಕಂಡರೆ ಕ್ಲಚ್ಚಿನಿಂದ ಚಾಸಿಸ್ ಕಡೆಗೆ ಬರುವ ವೈರನ್ನು ಕೈಯಿಂದ ಹಿಡಿದು ಉದ್ದಕ್ಕೂ ನೋಡಿ. ಬೆಲ್ಟಿನ ಪಕ್ಕದಲ್ಲಿ, ಕ್ಲಿಪ್ ಕಳಚಿದ ಜಾಗದಲ್ಲಿ ಅದು ಉಜ್ಜಿ ಉಜ್ಜಿ ತುಂಡಾಗುವುದು ಸಾಮಾನ್ಯ. ಕ್ವಾರಿಯಲ್ಲಿ ಓಡುವ ಗಾಡಿಯಾದರೆ ಕಪ್ಲರ್ ಬಿಚ್ಚಿ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದಿದೆಯೇ ಎಂದೂ ನೋಡಿ. ಕಿಲುಬು ಹಿಡಿದ ಒಂದೆರಡು ಎಳೆ ಮಾತ್ರ ಉಳಿದಿರುವ ವೈರಿನಲ್ಲಿ ಮಲ್ಟಿಮೀಟರ್ ಪೂರ್ತಿ 24 ವೋಲ್ಟ್ ತೋರಿಸುತ್ತದೆ, ಆದರೆ ಕಾಯಿಲ್ ಕರೆಂಟ್ ಕೇಳಿದ ಕೂಡಲೇ ಅದು ಕುಸಿಯುತ್ತದೆ. ಹಾಗಾಗಿ ಪೂರೈಕೆಯ ವೈರನ್ನು ಒಂದು ಸಣ್ಣ ಬಲ್ಬ್ ಉರಿಸಿ ಪರೀಕ್ಷಿಸುವುದು ಹೆಚ್ಚು ನಂಬಿಕೆಯದು. ಇಸಿಎಂನ ಆಜ್ಞೆ ಬರುವ ವೈರಿಗೆ ಮತ್ತು ಸೆನ್ಸರ್ ವೈರುಗಳಿಗೆ ಮಾತ್ರ ಬಲ್ಬ್ ತಾಗಿಸಬಾರದು, ಇಸಿಎಂಗೇ ಪೆಟ್ಟಾದೀತು.

ಕೋಡೇ ಇಲ್ಲದೆ ಫ್ಯಾನ್ ಸುತ್ತುತ್ತಿದ್ದರೆ ಲೈವ್ ಡೇಟಾದಲ್ಲಿ ಯಾರು ಅದನ್ನು ಕರೆಯುತ್ತಿದ್ದಾರೆ ಎಂದು ನೋಡಬೇಕು. ಕೂಲೆಂಟ್ ಸೆನ್ಸರ್ ಮಾತ್ರವಲ್ಲ, ಒಳಗಾಳಿಯ ಬಿಸಿ, ಎಸಿ ಗ್ಯಾಸಿನ ಒತ್ತಡ, ಕೆಲವು ಎಂಜಿನ್ನುಗಳಲ್ಲಿ ಎಂಜಿನ್ ಬ್ರೇಕ್ ಕೂಡ ಫ್ಯಾನನ್ನು ಕರೆಯುತ್ತವೆ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಸ್ಟಾರ್ಟ್ ಮಾಡದೆ ಕೀಲಿ ಮಾತ್ರ ತಿರುಗಿಸಿ ಎಲ್ಲ ಬಿಸಿಯ ಸೆನ್ಸರುಗಳ ಅಂಕಿಯನ್ನು ಓದಿದರೆ ಅವೆಲ್ಲ ಹೊರಗಿನ ಹವೆಗೆ ಹತ್ತಿರವಿರಬೇಕು. ಒಂದು ಮಾತ್ರ 80 ಡಿಗ್ರಿ ತೋರಿಸುತ್ತಿದ್ದರೆ ಕಳ್ಳ ಸಿಕ್ಕಿದನೆಂದೇ ತಿಳಿಯಿರಿ.

ಇದೇ ಬಗೆಯ ಕ್ಲಚ್ ಇರುವ ಗಾಡಿ ಬಿಸಿಯಾಗುತ್ತಿದ್ದರೆ ಪರೀಕ್ಷೆ ಇನ್ನೂ ಸುಲಭ. ಎಂಜಿನ್ ನಿಲ್ಲಿಸಿ ಕ್ಲಚ್ಚಿನ ಕಪ್ಲರ್ ಕಳಚಿ, ವೈರನ್ನು ಬೆಲ್ಟಿನಿಂದ ದೂರ ಕಟ್ಟಿ, ಸ್ಟಾರ್ಟ್ ಮಾಡಿ ಸಾಧಾರಣ ಸುತ್ತಿನಲ್ಲಿ ಕೆಲವು ನಿಮಿಷ ಓಡಿಸಿ. ಫ್ಯಾನ್ ಪೂರ್ತಿ ವೇಗಕ್ಕೆ ಬಂದರೆ ಕ್ಲಚ್ ಒಳ್ಳೆಯದಿದೆ, ದೋಷ ಆಜ್ಞೆಯ ಕಡೆ ಇದೆ. ಬಾರದಿದ್ದರೆ ಕ್ಲಚ್ಚೇ ಹೋಗಿದೆ. ವಿದೇಶಿ ಭಾರಿ ಟ್ರಕ್ಕುಗಳಲ್ಲಿ ಗಾಳಿಯ ಒತ್ತಡದಿಂದ ಆಡುವ ಕ್ಲಚ್ಚುಗಳೂ ಇವೆ. ಅವುಗಳಲ್ಲಿ ಎರಡು ಬಗೆ: ಒಂದರಲ್ಲಿ ಸ್ಪ್ರಿಂಗ್ ಹಿಡಿಯುತ್ತದೆ, ಗಾಳಿ ಬಿಡಿಸುತ್ತದೆ, ಇನ್ನೊಂದರಲ್ಲಿ ಗಾಳಿಯೇ ಹಿಡಿಸುತ್ತದೆ. ಯಾವ ಬಗೆ ಎಂದು ತಿಳಿಯದೆ ಏರ್ ಪೈಪ್ ಬಿಚ್ಚಿ ಪರೀಕ್ಷಿಸಿದರೆ ಉತ್ತರ ತಲೆಕೆಳಗಾಗುತ್ತದೆ. ಅರ್ಧಂಬರ್ಧ ಒತ್ತಡ ಬಂದು ಕ್ಲಚ್ ಜಾರತೊಡಗಿದರೆ ಅದರ ಲೈನಿಂಗ್ ಸುಟ್ಟ ವಾಸನೆ ಬರುತ್ತದೆ.

ಮೂಲ ಪ್ರಶ್ನೆ ಕೇಳಿದವರು: ಲಾರಿ ಮಾಲೀಕ, ಹಾಸನ

ಎಲ್ಲರಿಗೂ ಹೃತ್ಪೂರ್ವಕ ಧನ್ಯವಾದಗಳು. ತಾವು ಹೇಳಿದ ಕ್ರಮದಲ್ಲೇ ನೋಡಿಸಿದೆ. ಕ್ಲಚ್ಚಿನಲ್ಲಿ ಎಣ್ಣೆ ಸೋರಿದ ಗುರುತಿಲ್ಲ, ಬೆಲ್ಟ್ ಚೆನ್ನಾಗಿದೆ, ಫ್ಯಾನ್ ಸರಿಯಾದ ದಿಕ್ಕಿನಲ್ಲೇ ಇದೆ. ರಟ್ಟಿನ ಪರೀಕ್ಷೆಯಲ್ಲಿ ಬಹಳ ಹೊತ್ತಿನ ಮೇಲೆ ಮೊರೆತ ಕೇಳಿಸಿತು, ರಟ್ಟು ತೆಗೆದ ಮೇಲೆ ಅಡಗಿತು. ಆಮೇಲೆ ಇಂಟರ್‌ಕೂಲರನ್ನು ಸರಿಸಿ ನೋಡಿದರೆ ರೇಡಿಯೇಟರಿನ ಮುಖದ ಕೆಳಗಿನ ಅರ್ಧ ಭಾಗ ಹೊಟ್ಟು, ಧೂಳು, ಸತ್ತ ಹುಳುಗಳಿಂದ ಮುಚ್ಚಿಹೋಗಿತ್ತು, ಬೆರಳಿನಲ್ಲಿ ಹಿಡಿದು ಎಳೆದರೆ ಹಾಳೆಯಂತೆ ಎದ್ದು ಬಂತು. ಕೌಲಿನ ಎಡಬದಿಯ ರಬ್ಬರ್ ಪಟ್ಟಿ ಪೂರ್ತಿ ಇರಲೇ ಇಲ್ಲ.

ಎರಡನ್ನೂ ಸರಿಪಡಿಸಿದ ಮೇಲೆ ಮಧ್ಯಾಹ್ನದ ಹೊತ್ತಿನಲ್ಲೇ, ಮೊದಲಿನಷ್ಟೇ ಲೋಡಿನಲ್ಲಿ ಘಾಟಿ ಹತ್ತಿಸಿದ್ದೇವೆ. ಮುಳ್ಳು ಸ್ವಲ್ಪ ಏರಿ, ಕೆಂಪಿಗೆ ಸಾಕಷ್ಟು ಮೊದಲೇ ನಿಲ್ಲುತ್ತದೆ. ಗೇರ್ ಇಳಿಸಿ ಹತ್ತಿಸುವಂತೆ ಅಕ್ಕನ ಮಗನಿಗೂ ಹೇಳಿದ್ದೇನೆ. ಒಂದು ಅನುಮಾನ ಉಳಿದಿದೆ. ರೆಕ್ಕೆಯ ತುದಿ ಹಿಡಿದು ಅಲುಗಿಸಿದಾಗ ಸ್ವಲ್ಪ ಆಟ ಇದೆ, ತಾವು ಹೇಳಿದ 6 ಮಿ.ಮೀ.ಗಿಂತ ಕಡಿಮೆಯೇ. ಗುಜರಿಯಲ್ಲಿ ಇದೇ ಮಾದರಿಯ ಹಳೆಯ ಕ್ಲಚ್ ಕಡಿಮೆ ಬೆಲೆಗೆ ಸಿಗುತ್ತಿದೆ, ಮುಂದಕ್ಕೆ ಬೇಕಾಗಬಹುದು ಎಂದು ತೆಗೆದಿಟ್ಟುಕೊಳ್ಳಲೇ?

ಉತ್ತರ: ಟಿಪ್ಪರ್ ಮಾಲೀಕ, ಚಿಕ್ಕಮಗಳೂರು

ನನ್ನ ಗಾಡಿಯಲ್ಲಿ 647 ಮತ್ತು 5 ಎಂದೇ ಕೋಡ್ ಬಂತು. ಟೆನ್ಷನರ್ ಪಕ್ಕದಲ್ಲಿ ವೈರ್ ಉಜ್ಜಿ ತುಂಡಾಗಿತ್ತು. ಸರಿಪಡಿಸಿ, ಹೊಸ ಕ್ಲಿಪ್ ಹಾಕಿಸಿದ ಮೇಲೆ ಫ್ಯಾನ್ ಬೇಕಾದಾಗ ಮಾತ್ರ ಸುತ್ತುತ್ತಿದೆ. ಉಪಕಾರವಾಯಿತು.

ಉತ್ತರ: ಡೀಸೆಲ್ ಮೆಕ್ಯಾನಿಕ್, ಹಾಸನ

ತೊಂದರೆ ಬಗೆಹರಿದದ್ದು ತಿಳಿದು ಸಂತೋಷವಾಯಿತು. ಆ ಸಣ್ಣ ಆಟಕ್ಕಾಗಿ ಈಗಲೇ ಕ್ಲಚ್ ಬದಲಿಸಬೇಕಾಗಿಲ್ಲ, ಆದರೆ ಪ್ರತಿ ಸಲ ಎಂಜಿನ್ ಎಣ್ಣೆ ಬದಲಿಸುವಾಗ ರೆಕ್ಕೆಯ ತುದಿಯಲ್ಲಿ ಮತ್ತೆ ಅಳೆಯಿರಿ. ಆಟ ಹೆಚ್ಚುತ್ತಾ ಬಂದರೆ, ಅಥವಾ ಎಂಜಿನ್ ನಿಧಾನವಾಗಿ ಓಡುವಾಗ ಕ್ಲಚ್ಚಿನಿಂದ ಗರಗರ ಸದ್ದು ಬಂದರೆ ಮುಂದೂಡಬೇಡಿ. ಬೇರಿಂಗ್ ಕೈಕೊಟ್ಟರೆ ಫ್ಯಾನ್ ಮುಂದಕ್ಕೆ ವಾಲಿ ರೇಡಿಯೇಟರನ್ನೇ ಕೊರೆದುಹಾಕುತ್ತದೆ.

ಗುಜರಿಯ ಕ್ಲಚ್ ಬೇಡ ಸರ್. ಬೇರಿಂಗ್ ಎಷ್ಟು ಸವೆದಿದೆ, ಎಣ್ಣೆ ಎಷ್ಟು ಉಳಿದಿದೆ ಎಂಬುದು ಹೊರಗಿನಿಂದ ತಿಳಿಯುವುದಿಲ್ಲ, ಮೇಲಾಗಿ ಅದು ಅಲ್ಲಿ ಹೇಗೆ ಬಿದ್ದಿತ್ತೋ ಯಾರಿಗೆ ಗೊತ್ತು. ವಿಸ್ಕಸ್ ಕ್ಲಚ್ಚನ್ನು ಗಾಡಿಯಲ್ಲಿ ಇರುವಂತೆಯೇ ನಿಲ್ಲಿಸಿ ಇಡಬೇಕು. ಮಲಗಿಸಿಟ್ಟರೆ ಸಿಲಿಕೋನ್ ಎಣ್ಣೆ ಬೇರಿಂಗ್ ಮತ್ತು ಸೀಲಿನ ಕಡೆಗೆ ಇಳಿದು ಅವು ಹಾಳಾಗಬಹುದು. ಮುಂದೊಂದು ದಿನ ಹೊಸದನ್ನು ಕೊಂಡಾಗಲೂ ಅಂಗಡಿಯಿಂದ ತರುವಾಗ ಇದೇ ಎಚ್ಚರ ಇರಲಿ. ಬಿಚ್ಚುವ ಮೊದಲು ನಡುವಿನ ನಟ್ ಬಲಮರೆಯೋ (ಬಲಕ್ಕೆ ತಿರುಗಿಸಿದರೆ ಬಿಗಿಯುವುದು) ಎಡಮರೆಯೋ (ಎಡಕ್ಕೆ ತಿರುಗಿಸಿದರೆ ಬಿಗಿಯುವುದು) ಎಂದು ಆ ಎಂಜಿನ್ನಿನ ಮ್ಯಾನ್ಯುಅಲ್ ನೋಡಿಕೊಳ್ಳಲಿ. ಕೆಲವು ಎಂಜಿನ್ನುಗಳಲ್ಲಿ ಅದು ಎಡಮರೆಯದ್ದು, ತಿಳಿಯದೆ ಬಲ ಹಾಕಿದರೆ ವಾಟರ್ ಪಂಪಿನ ಶಾಫ್ಟ್ ಕೂಡ ಹೋಗುತ್ತದೆ. ಫ್ಯಾನಿನ ಬೋಲ್ಟುಗಳನ್ನು ಟಾರ್ಕ್ ರೆಂಚಿನಿಂದಲೇ ಬಿಗಿಯಲಿ. ಕೌಲಿನ ಆ ರಬ್ಬರ್ ಪಟ್ಟಿ ಬಲಬದಿಯದ್ದೂ ಅಷ್ಟೇ ಹಳೆಯದು, ಸಾಧ್ಯವಾದರೆ ಅದನ್ನೂ ಮಳೆಗಾಲಕ್ಕೆ ಮೊದಲು ಬದಲಿಸಿಬಿಡಿ.